ಕರೆಂಟು ಬಂದ ಮೇಲೆ ಫೈಲ್ ಸರ್ವರ್ ಏಳುವ ಕ್ರಮ

ಮಾನ್ಯ ಸಂಪಾದಕರೇ,

ಸಹಕಾರ ಸಂಘ, ಕಾಲೇಜು, ಮುದ್ರಣಾಲಯ, ಲೆಕ್ಕಪರಿಶೋಧಕರ ಕಚೇರಿಯಂಥ ಸಣ್ಣ ಸಂಸ್ಥೆಗಳು ತಮ್ಮ ಕಡತಗಳನ್ನೆಲ್ಲ ಒಂದು ಲಿನಕ್ಸ್ ಫೈಲ್ ಸರ್ವರಿನಲ್ಲಿಟ್ಟು, ಉಳಿದ ಕಂಪ್ಯೂಟರುಗಳಿಂದ ಬಳಸುವ ಏರ್ಪಾಡು ಈಗ ತಾಲ್ಲೂಕು ಊರುಗಳಲ್ಲೂ ಕಾಣಸಿಗುತ್ತದೆ. ಖರೀದಿಯ ಹೊತ್ತಿನಲ್ಲಿ ಡಿಸ್ಕಿನ ಗಾತ್ರ, ಬೆಲೆ, ವಾರಂಟಿಗಳ ಬಗ್ಗೆ ಸಾಕಷ್ಟು ವಿಚಾರಣೆ ನಡೆಯುತ್ತದೆ. ಕರೆಂಟು ಹೋಗಿ ಬಂದ ಮೇಲೆ ಆ ಸರ್ವರು ಯಾರ ನೆರವೂ ಇಲ್ಲದೆ ಸರಿಯಾದ ಕ್ರಮದಲ್ಲಿ ಎದ್ದು ಕೆಲಸಕ್ಕೆ ತೊಡಗುತ್ತದೆಯೇ ಎಂದು ಕೇಳುವವರು ವಿರಳ. ಇಂಥ ಸರ್ವರುಗಳ ನಿರ್ವಹಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಉಪೇಕ್ಷೆ ಆತಂಕ ತಂದಿದೆ. ಮಳೆಗಾಲದ ಮಲೆನಾಡಿನಲ್ಲಿ ವಿದ್ಯುತ್ ಪದೇ ಪದೇ ಕಡಿತವಾಗುತ್ತದೆ, ಯುಪಿಎಸ್ ಬ್ಯಾಟರಿ ಹಳತಾದ ಕಚೇರಿಗಳಲ್ಲಿ ಸರ್ವರು ಪ್ರತಿ ಬಾರಿಯೂ ಮೊದಲಿನಿಂದ ಏಳಬೇಕಾಗುತ್ತದೆ.

ಸಾಮಾನ್ಯವಾಗಿ ಕಾಣುವ ಲೋಪ ಸರಳವಾದುದು. ಸರ್ವರು ಅಳವಡಿಸಲು ಬಂದವರು ಕಡತಗಳನ್ನು ಉಳಿದ ಕಂಪ್ಯೂಟರುಗಳಿಗೆ ಹಂಚುವ ಸಾಂಬಾ ಅಥವಾ ಎನ್‌ಎಫ್‌ಎಸ್ ಸೇವೆಯನ್ನು ‘ಸ್ಟಾರ್ಟ್’ ಆಜ್ಞೆಯಿಂದ ಚಾಲೂ ಮಾಡಿ ತೋರಿಸಿ ಹೋಗಿರುತ್ತಾರೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ವ್ಯವಸ್ಥೆಯಲ್ಲಿ ‘ಸ್ಟಾರ್ಟ್’ ಆ ಕ್ಷಣಕ್ಕೆ ಮಾತ್ರ ಅನ್ವಯಿಸುತ್ತದೆ. ಯಂತ್ರ ಬೂಟ್ ಆದಾಗಲೆಲ್ಲ, ಅಂದರೆ ಆನ್ ಆಗಿ ಏಳುವಾಗಲೆಲ್ಲ, ಸೇವೆ ತಾನಾಗಿ ಶುರುವಾಗಬೇಕಾದರೆ ಅದನ್ನು ‘ಎನೇಬಲ್’ ಕೂಡ ಮಾಡಿರಬೇಕು. ಕರೆಂಟು ಬಂದಾಗ ಯಂತ್ರ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ (ಯಂತ್ರದ ಮೂಲ ಹೊಂದಾಣಿಕೆಗಳ ತಂತ್ರಾಂಶದಲ್ಲಿ) ಹೊಂದಿಸುವುದೂ ಹೀಗೆಯೇ ಮರೆತುಹೋಗುತ್ತದೆ. ಇವೆರಡೂ ತಪ್ಪಿದಾಗ ಕೂಡಲೇ ಗೊತ್ತಾಗುತ್ತದೆ, ಕೂಡಲೇ ಸರಿಪಡಿಸಲೂ ಆಗುತ್ತದೆ.

ನಿಜವಾದ ಅಪಾಯವಿರುವುದು ಸೇವೆ ಶುರುವಾಗಿಯೂ ಡಿಸ್ಕು ಸೇರಿಕೊಳ್ಳದ ಸಂದರ್ಭದಲ್ಲಿ. ಕಡತಗಳಿರುವ ಪ್ರತ್ಯೇಕ ಡಿಸ್ಕು ತೊಂದರೆ ಕೊಟ್ಟರೂ ಬೂಟ್ ನಿಲ್ಲದಿರಲಿ ಎಂದು ಯಾವ ಡಿಸ್ಕು ಯಾವ ಫೋಲ್ಡರಿಗೆ ಸೇರಬೇಕೆಂದು ಬರೆದಿಡುವ ಎಫ್‌ಸ್ಟ್ಯಾಬ್ ಕಡತದಲ್ಲಿ ‘ನೋಫೇಲ್’ ಎಂಬ ಆಯ್ಕೆ ಕೊಡುವ ರೂಢಿಯಿದೆ. ಅದಕ್ಕೆ ಕಾರಣವೂ ಇದೆ: ಅದಿಲ್ಲದಿದ್ದರೆ ಸಿಸ್ಟಮ್‌ಡಿ ಡಿಸ್ಕಿಗಾಗಿ ಸಾಮಾನ್ಯವಾಗಿ 90 ಸೆಕೆಂಡು ಕಾದು ತುರ್ತು ಸ್ಥಿತಿಗೆ ಇಳಿಯುತ್ತದೆ, ಆಗ ಕೀಲಿಮಣೆ ಮತ್ತು ಪರದೆ ಹಿಡಿದು ಯಾರಾದರೂ ಸರ್ವರಿನ ಬಳಿಗೇ ಹೋಗಬೇಕಾಗುತ್ತದೆ. ಆದರೆ ‘ನೋಫೇಲ್’ ಒಂದನ್ನೇ ಕೊಟ್ಟು ಬಿಟ್ಟರೆ, ಡಿಸ್ಕು ಮೌಂಟ್ ಆಗದಿದ್ದಾಗಲೂ (ತನ್ನ ಫೋಲ್ಡರಿಗೆ ಸೇರಿಕೊಳ್ಳದಿದ್ದಾಗಲೂ) ಹಂಚಿಕೆಯ ಸೇವೆ ಎಂದಿನಂತೆ ಶುರುವಾಗಿ, ಡಿಸ್ಕು ಇರಬೇಕಾದ ಜಾಗದ ಖಾಲಿ ಫೋಲ್ಡರನ್ನೇ ಕಚೇರಿಗೆಲ್ಲ ತೆರೆದಿಡುತ್ತದೆ. ಗುಮಾಸ್ತರು ಅದರಲ್ಲೇ ಹೊಸ ರಸೀದಿ, ಹೊಸ ಪತ್ರಗಳನ್ನು ಉಳಿಸುತ್ತಾರೆ. ಮುಂದೆ ಡಿಸ್ಕು ಮೌಂಟ್ ಆದೊಡನೆ ಹಳೆಯ ಕಡತಗಳು ಮರಳಿ ಕಾಣುತ್ತವೆ. ನಡುವೆ ಬರೆದವು ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ, ಅವು ಅಳಿದೇ ಹೋದವೆಂದು ಎಲ್ಲರೂ ತಿಳಿಯುತ್ತಾರೆ.

ಇದನ್ನು ತಡೆಯಲು ಹಣ ಖರ್ಚಾಗುವುದಿಲ್ಲ. ಸಾಂಬಾ ಸೇವೆಗೆ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂಬ ಒಂದು ಸಾಲು ಸೇರಿಸಿ ಫೋಲ್ಡರಿನ ಹಾದಿಯನ್ನು ಬರೆದರೆ, ಆ ಡಿಸ್ಕು ಮೌಂಟ್ ಆಗದೆ ಸೇವೆ ಏಳುವುದಿಲ್ಲ. ಎನ್‌ಎಫ್‌ಎಸ್‌ಗೆ ಹಂಚುವ ಫೋಲ್ಡರುಗಳನ್ನು ಪಟ್ಟಿಮಾಡುವ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ‘ಮೌಂಟ್‌ಪಾಯಿಂಟ್’ ಎಂಬ ಆಯ್ಕೆಯೇ ಇದೆ. ಡಿಸ್ಕು ನಿಜಕ್ಕೂ ಮೌಂಟ್ ಆಗಿದ್ದರೆ ಮಾತ್ರ ಹಂಚಿಕೆ ನಡೆಯುವಂತೆ ಅದು ನೋಡಿಕೊಳ್ಳುತ್ತದೆ. ಕಡತಗಳು ಕಾಣದೆ ಕಚೇರಿ ಅರ್ಧ ದಿನ ನಿಂತರೂ ಪರವಾಗಿಲ್ಲ, ತಪ್ಪು ಜಾಗದಲ್ಲಿ ಬರೆಸಿಕೊಳ್ಳುವ ಸರ್ವರು ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರೆಂಟು ಬಂದಾಗ ಮೇಜಿನ ಮೇಲಿನ ಕಂಪ್ಯೂಟರುಗಳು ಸರ್ವರಿಗಿಂತ ಬೇಗ ಏಳುತ್ತವೆ ಎಂಬುದನ್ನೂ ಗಮನಿಸಬೇಕು. ಅವು ಲಿನಕ್ಸ್ ಯಂತ್ರಗಳಾಗಿದ್ದರೆ, ಬೂಟ್ ಆಗುವಾಗಲೇ ಸರ್ವರನ್ನು ಹುಡುಕಿ ಸೋಲುವ ಬದಲು, ಯಾರಾದರೂ ಫೋಲ್ಡರ್ ತೆರೆದಾಗ ಮೌಂಟ್ ಮಾಡುವ ‘ಆಟೋಮೌಂಟ್’ ವಿಧಾನ ಮೇಲು. ಎನ್‌ಎಫ್‌ಎಸ್ 4ನೇ ಆವೃತ್ತಿಯ ಸರ್ವರು ಮರಳಿ ಎದ್ದ ಮೇಲೆ, ಹಳೆಯ ಬೀಗಗಳನ್ನು (ಒಬ್ಬರು ಬಳಸುತ್ತಿರುವ ಕಡತವನ್ನು ಬೇರೆಯವರು ಬದಲಿಸದಂತೆ ಹಾಕಿದ ತಡೆಗಳನ್ನು) ಅದನ್ನು ಬಳಸುವ ಕಂಪ್ಯೂಟರುಗಳು ಮರಳಿ ಪಡೆಯಲೆಂದು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 90 ಸೆಕೆಂಡಿನವರೆಗೆ ಅವಕಾಶ ಕೊಡುತ್ತದೆ. ಆ ಹೊತ್ತಿನಲ್ಲಿ ಕಡತ ತೆರೆಯಲು ತಡವಾಯಿತೆಂದು ಗಾಬರಿಯಿಂದ ಸರ್ವರನ್ನು ಮತ್ತೆ ಆರಿಸಬಾರದೆಂದು ಸಿಬ್ಬಂದಿಗೆ ತಿಳಿಸಿಡುವುದು ಒಳ್ಳೆಯದು.

ಬೇಡದ ಸೇವೆಗಳು ಏಳದಂತೆ ನೋಡಿಕೊಳ್ಳುವುದೂ ಇದೇ ಕೆಲಸದ ಭಾಗ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವಾನಾಕ್ರೈ ದಾಳಿ ವಿಂಡೋಸ್‌ನ ಕಡತ ಹಂಚಿಕೆಯ ಹಳೆಯ ಶಿಷ್ಟಾಚಾರವಾದ (ಪ್ರೋಟೊಕಾಲ್) ಎಸ್‌ಎಂಬಿ 1ರಲ್ಲಿದ್ದ ದೋಷವನ್ನು ಬಳಸಿಕೊಂಡಿತ್ತು. ಸಾಂಬಾ ಕೂಡ 2019ರ 4.11 ಆವೃತ್ತಿಯಿಂದ ಆ ಶಿಷ್ಟಾಚಾರವನ್ನು ತಾನಾಗಿಯೇ ನಿಷ್ಕ್ರಿಯಗೊಳಿಸಿದೆ. ಹಳೆಯ ಸ್ಕ್ಯಾನರೊಂದರ ಸಲುವಾಗಿ ಅದನ್ನು ಮರಳಿ ತೆರೆಯುವುದನ್ನು ಕಚೇರಿಗಳು ಒಪ್ಪಬಾರದು.

ಖರೀದಿ ಆದೇಶ ಮತ್ತು ಟೆಂಡರ್ ಕರಡು ಬರೆಯುವ ಅಧಿಕಾರಿಗಳಲ್ಲಿ, ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟು. ಕಡತಗಳನ್ನು ತುಂಬುವ ಮೊದಲೇ, ಸಿಬ್ಬಂದಿಯ ಎದುರಿನಲ್ಲಿ ಸರ್ವರಿನ ಪ್ಲಗ್ ತೆಗೆದು ಹಾಕಿ, ಒಮ್ಮೆ ಡಿಸ್ಕು ಇದ್ದಂತೆ, ಇನ್ನೊಮ್ಮೆ ಡಿಸ್ಕು ಕಳಚಿ ಬೂಟ್ ಮಾಡಿ ತೋರಿಸಬೇಕೆಂಬ ಷರತ್ತು ಆದೇಶದಲ್ಲೇ ಇರಲಿ. ಯಾವ ಸೇವೆ ಯಾವುದರ ನಂತರ ಏಳುತ್ತದೆ, ಏಳದಿದ್ದರೆ ಎಲ್ಲಿ ನೋಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಪಡೆದ ನಂತರವೇ ಬಿಲ್ಲು ಪಾವತಿಸಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸರ್ವರ್ ನಿರ್ವಾಹಕ, ಶಿವಮೊಗ್ಗ