ಕಣ್ಣೂರು ಯೂನಿವರ್ಸಿಟಿ ನಮ್ಮ ಪಂಚಾಯತುಗಳ ಕಡೆಗೂ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಣ್ಣೂರು ಯೂನಿವರ್ಸಿಟಿ ಬಗ್ಗೆ ನಮ್ಮ ಕಾಸರಗೋಡಿನ ಕನ್ನಡದವರು ಮಾತಾಡುವಾಗ ಹೆಚ್ಚಾಗಿ ಬರುವುದು ಎರಡೇ ವಿಷಯ, ಸೀಟು ಸಿಕ್ತಾ ಇಲ್ವಾ, ರಿಸಲ್ಟ್ ಬಂತಾ ಇಲ್ವಾ. ಅದು ಬೇಕಾದ್ದೇ, ಮಕ್ಕಳ ಭವಿಷ್ಯ ಅಲ್ವಾ. ಆದ್ರೆ ಈ ಯೂನಿವರ್ಸಿಟಿಯಿಂದ ನಮ್ಮ ಊರಿಗೆ ಎಂತ ಸಿಗಬೇಕು ಅಂತ ಕೇಳುವವರು ಕಮ್ಮಿ, ಅದಕ್ಕೇ ಈ ಪತ್ರ.

1996ರ ಕಣ್ಣೂರು ವಿಶ್ವವಿದ್ಯಾಲಯದ ಕಾನೂನಲ್ಲೇ ಬರ್ದುಂಟು, ಕಾಸರಗೋಡು ಜಿಲ್ಲೆ, ಕಣ್ಣೂರು ಜಿಲ್ಲೆ, ಮತ್ತೆ ವಯನಾಡಿನ ಮಾನಂತವಾಡಿ ತಾಲೂಕು, ಇಷ್ಟು ಕಡೆಯ ಉನ್ನತ ಶಿಕ್ಷಣ ಬೆಳೀಬೇಕು ಅಂತ್ಲೇ ಇದನ್ನ ಶುರು ಮಾಡಿದ್ದು. ಹಾಗಾಗಿ ಇದು ನಮ್ಮದೂ ಹೌದು, ಯಾರೋ ನಮಗೆ ಮಾಡುವ ಉಪಕಾರ ಅಲ್ಲ. ಎಲ್ಲ ಒಂದೇ ಕಡೆ ಕಟ್ಟದೆ ಕ್ಯಾಂಪಸ್‌ಗಳನ್ನ ಊರೂರಿಗೆ ಹಂಚಿದ್ದು ಕೂಡ ಒಳ್ಳೇ ಯೋಚನೆ ಅಂತ್ಲೇ ನಾನು ಹೇಳುವುದು, ಹೆಡ್ ಆಫೀಸು ಕಣ್ಣೂರಿನ ತಾವಕ್ಕರದಲ್ಲಿದ್ರೂ ನಮ್ಮ ಜಿಲ್ಲೆಯ ನೀಲೇಶ್ವರ, ವಿದ್ಯಾನಗರ ಹತ್ರದ ಚಾಲ, ಮಂಜೇಶ್ವರ ಇಲ್ಲೆಲ್ಲ ಕ್ಯಾಂಪಸ್ ಉಂಟು. ಕಟ್ಟಡ ಬಂತು, ಕೋರ್ಸು ಬಂತು. ಇನ್ನು ಬರಬೇಕಾದ್ದು ಈ ಊರಿನ ವಿಷಯವನ್ನೇ ಹಿಡಿದು ಓದುವ ಅಭ್ಯಾಸ, ಮತ್ತೆ ಓದಿದ್ದನ್ನ ಈ ಊರಿನ ಭಾಷೆಯಲ್ಲೇ ವಾಪಸ್ ಕೊಡುವ ಅಭ್ಯಾಸ.

ಅದೇ 1996ರಲ್ಲೇ ಕೇರಳದಲ್ಲಿ ಜನಕೀಯಾಸೂತ್ರಣವೂ, ಅಂದ್ರೆ ಜನರೇ ಯೋಜನೆ ಹಾಕುವ ಕ್ರಮವೂ, ಶುರುವಾದ್ದು, ನೆನಪುಂಟಾ? ರಾಜ್ಯದ ಯೋಜನೆ ದುಡ್ಡಿನ ದೊಡ್ಡ ಪಾಲು ಪಂಚಾಯತುಗಳ ಕೈಗೆ ಬಂತು, ಗ್ರಾಮಸಭೆ ಸೇರಿ ನಮಗೆ ಎಂತ ಬೇಕು ಅಂತ ನಾವೇ ತೀರ್ಮಾನ ಮಾಡುವ ಹಾಗಾಯ್ತು. ಆದ್ರೆ ತೀರ್ಮಾನ ಮಾಡ್ಲಿಕ್ಕೆ ಲೆಕ್ಕ ಬೇಕಲ್ಲ, ವಾರ್ಡಿನಲ್ಲಿ ಎಷ್ಟು ಬಾವಿ ಬತ್ತಿದೆ, ಎಷ್ಟು ಎಕ್ರೆ ಗದ್ದೆ ತೋಟ ಆಯ್ತು, ಎಷ್ಟು ಮಕ್ಕಳು ಪ್ಲಸ್ ಟು ಆದ್ಮೇಲೆ ಓದು ಬಿಟ್ರು, ಇದೆಲ್ಲ ಗೊತ್ತಿಲ್ಲದೆ ಗ್ರಾಮಸಭೆಯಲ್ಲಿ ರಸ್ತೆ ಕಾಂಕ್ರೀಟು, ಬೀದಿ ಲೈಟು ಬಿಟ್ಟು ಮಾತು ಮುಂದೆ ಹೋಗುವುದೇ ಇಲ್ಲ. ಒಂದು ಕಡೆ ದುಡ್ಡಿದ್ದು ಲೆಕ್ಕ ಇಲ್ಲದ ಪಂಚಾಯತು, ಇನ್ನೊಂದು ಕಡೆ ಪ್ರಾಜೆಕ್ಟಿಗೆ ವಿಷಯ ಹುಡುಕುವ ಸಾವಿರಾರು ಮಕ್ಕಳು, ಇವೆರಡನ್ನ ಸೇರಿಸುವ ಕೆಲಸ ಯೂನಿವರ್ಸಿಟಿಯಲ್ಲದೆ ಮತ್ಯಾರು ಮಾಡ್ಬೇಕು?

ಸುರಂಗದ ವಿಷಯವನ್ನೇ ತಕೊಳ್ಳಿ. ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆ ಮುರಕಲ್ಲಿನ ಗುಡ್ಡವನ್ನ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗದಿಂದ್ಲೇ ಎಷ್ಟೋ ಕುಟುಂಬಗಳ ತೋಟ ಬದುಕಿದ್ದು. ಪಂಪು ಬೇಡ, ಕರೆಂಟು ಬೇಡ, ನೀರು ತನ್ನಷ್ಟಕ್ಕೇ ಹರಿದು ಅಂಗಳದ ಟ್ಯಾಂಕಿಗೆ ಬರ್ತದೆ. ಎಲ್ಲಿ ಕೊರೆದ್ರೆ ನೀರು ಸಿಗ್ತದೆ ಅಂತ ಗಿಡಮರ ನೋಡಿ ಹೇಳುವವರು, ಒಳಗೆ ಮೇಣದಬತ್ತಿ ಹೊತ್ತಿಸಿಟ್ಟು ಅದು ಆರಿದ್ರೆ ಉಸಿರಾಡ್ಲಿಕ್ಕೆ ಗಾಳಿ ಸಾಲದು ಅಂತ ತಿಳಿದು ಹೊರಗೆ ಬರುವವರು, ಅಂಥ ಬಲ್ಲವರಿಗೆಲ್ಲ ಈಗ ವಯಸ್ಸಾಯ್ತು, ಬೋರ್‌ವೆಲ್ ಬಂದ್ಮೇಲೆ ಹೊಸಬರು ಆ ಕೆಲಸಕ್ಕೆ ಬರುವುದೂ ಕಮ್ಮಿ. ಹೊರದೇಶದಿಂದ ಕೂಡ ಜನ ಬಂದು ಸುರಂಗ ನೋಡಿ ಇಂಗ್ಲಿಷಲ್ಲಿ ಬರ್ದಿದ್ದಾರೆ, ಸಂತೋಷ. ಆದ್ರೆ ಯಾವ ಸುರಂಗ ಯಾವ ವರ್ಷ ಬತ್ತಿತು, ಅದರ ಹತ್ರ ಬೋರ್‌ವೆಲ್ ಎಷ್ಟು ಅಡಿ ಹೋಗಿದೆ, ಮೇಲಿನ ಗುಡ್ಡಕ್ಕೆ ಜೆಸಿಬಿ ಬಂತಾ, ರಬ್ಬರ್ ಬಂತಾ, ಅಂತ ಮನೆಮನೆಗೆ ಹೋಗಿ ಬರೆದಿಟ್ಟು ವರ್ಷವರ್ಷವೂ ಅದನ್ನ ಮುಂದುವರಿಸುವ ಕೆಲಸ ಹೊರಗಿನವರಿಂದ ಆಗ್ಲಿಕ್ಕಿಲ್ಲ, ಅದು ಇಲ್ಲೇ ಇರುವ ಕಾಲೇಜಿಂದ್ಲೇ ಆಗ್ಬೇಕು. ಏತಡ್ಕ ಊರಿನ ಕಟ್ಟಗಳ (ತೋಡಿಗೆ ಅಡ್ಡ ಹಾಕುವ ಒಡ್ಡು) ಕಥೆಯೂ ಹಾಗೆಯೇ, ಮಳೆ ನಿಂತ್ಮೇಲೆ ತೋಡಿಗೆ ಕಟ್ಟ ಹಾಕಿದ್ರೆ ಕೆಳಗಿನ ಬಾವಿಗಳಲ್ಲಿ ನೀರು ಎಷ್ಟು ದಿನ ಹೆಚ್ಚು ನಿಲ್ತದೆ ಅಂತ ಅಳೆದು ತೋರಿಸಿದ್ರೆ ಯಾವ ಪಂಚಾಯತೂ ಅದಕ್ಕೆ ದುಡ್ಡಿಡ್ಲಿಕ್ಕೆ ಹಿಂದೆಮುಂದೆ ನೋಡ್ಲಿಕ್ಕಿಲ್ಲ.

ಇನ್ನು ಎಂಡೋಸಲ್ಫಾನ್ ಅಂತ ಹೇಳುವ ಕೀಟನಾಶಕದ ವಿಷಯ. ಗೇರು ತೋಟಗಳಿಗೆ ಹೆಲಿಕಾಪ್ಟರಿಂದ ವಿಷ ಸುರಿದದ್ದು 2000ದವರೆಗೆ, ಮಕ್ಕಳ ಸ್ಥಿತಿ ನೋಡಿ ಮೊದಲು ಎಚ್ಚರಿಕೆ ಕೊಟ್ಟವರಲ್ಲಿ ಪಡ್ರೆಯ ಒಬ್ಬ ಡಾಕ್ಟ್ರು, ಊರಿನ ಪತ್ರಕರ್ತರು, ಸಾಮಾನ್ಯ ಜನ. ಅದರ ಮೇಲೆ ದೊಡ್ಡ ಮಟ್ಟದ ಆರೋಗ್ಯ ಅಧ್ಯಯನಕ್ಕೆ ಅಹಮದಾಬಾದಿನ ಸಂಸ್ಥೆಯೇ ಬರಬೇಕಾಯ್ತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಆ ವಿಷವನ್ನ ನಿಲ್ಲಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡ್ಬೇಕು ಅಂತ ಹೇಳಿತು, ಒಳ್ಳೇದೇ. ಆದ್ರೆ ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ನೋಡಿಕೊಳ್ಳುವ ಅಪ್ಪಅಮ್ಮನಿಗೆ ವಯಸ್ಸಾಯ್ತು, ಅಪ್ಪಅಮ್ಮ ಇಲ್ಲದಾದ ದಿನ ಎಂತ ಮಾಡುವುದು ಅಂತ ಆ ಮನೆಗಳಲ್ಲಿ ಕೇಳಿ ನೋಡಿ, ಉತ್ತರ ಇಲ್ಲ. ಆರೋಗ್ಯ, ಮನಶ್ಶಾಸ್ತ್ರ, ಸಮಾಜಕಾರ್ಯ, ಅರ್ಥಶಾಸ್ತ್ರ ಇಷ್ಟೂ ವಿಷಯದವರು ಸೇರಿ ಇನ್ನೂ ಇಪ್ಪತ್ತು ಮೂವತ್ತು ವರ್ಷ ಆ ಮನೆಗಳ ಜೊತೆ ನಿಲ್ಲಬೇಕು. ಪ್ರಾಜೆಕ್ಟ್ ಮುಗಿದ ಕೂಡ್ಲೇ ಎದ್ದು ಹೋಗದ, ಇಲ್ಲೇ ಇರುವ ಸಂಸ್ಥೆಯೇ ಅದಕ್ಕೆ ಆಗ್ಬೇಕು.

ಊರಲ್ಲೇ ಬೇರು ಬಿಟ್ಟ ಸಂಸ್ಥೆ ಎಷ್ಟು ಮಾಡ್ಬಹುದು ಅಂತ ತೋರಿಸ್ಲಿಕ್ಕೆ ದೂರ ಹೋಗ್ಬೇಕಾಗಿಲ್ಲ, ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ, ಅಂದ್ರೆ ತೆಂಗು ಅಡಿಕೆಯಂಥ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಇದ್ದೇ ಉಂಟಲ್ಲ. 1916ರಲ್ಲಿ ತೆಂಗಿನ ಸ್ಟೇಷನ್ನಾಗಿ ಶುರುವಾದ್ದು ಈಗ ದೇಶಕ್ಕೇ ದೊಡ್ಡದು. ಅವರ ವಿಟ್ಲದ ಕೇಂದ್ರದಿಂದ ಬಂದ ಮಂಗಳ ಅಡಿಕೆ ನಮ್ಮ ಕಡೆ ಎಷ್ಟು ತೋಟಗಳಲ್ಲಿಲ್ಲ ಹೇಳಿ. ಅದು ಕೇಂದ್ರ ಸರ್ಕಾರದ್ದು, ಬೆಳೆ ನೋಡಿಕೊಳ್ತದೆ, ಬೆಳೆಯುವ ಜನರ ಬದುಕನ್ನ ಓದುವ ಕೆಲಸ ಯೂನಿವರ್ಸಿಟಿಯದ್ದು.

ಮಂಜೇಶ್ವರ ಕ್ಯಾಂಪಸ್‌ನಲ್ಲಿ ಈಗ ಕಾನೂನು ಪಾಠ ಉಂಟಲ್ಲ, ಅದರ ಬಗ್ಗೆ ನನಗೆ ತುಂಬಾ ಆಸೆ ಉಂಟು. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದದ್ದು, ಹಾಗಾಗಿ ಅಜ್ಜನ ಕಾಲದ ಜಾಗದ ಕಾಗದ ಎಲ್ಲ ಕನ್ನಡದಲ್ಲಿ, ಈಗ ವಿಲೇಜ್ ಆಫೀಸಿಂದ ಬರುವ ನೋಟೀಸು ಮಲಯಾಳದಲ್ಲಿ. ಮಲಯಾಳ ಓದ್ಲಿಕ್ಕೆ ಬಾರದ ಹಿರಿಯರು, ಕನ್ನಡ ಓದ್ಲಿಕ್ಕೆ ಬಾರದ ಆಫೀಸರುಗಳು, ನಡುವೆ ಜಾಗದ ತಕರಾರು ವರ್ಷಗಟ್ಲೆ. ಕೇರಳದ 1969ರ ಆಡಳಿತ ಭಾಷಾ ಕಾನೂನು ಪ್ರಕಾರ ನಾವು ಸರ್ಕಾರಕ್ಕೆ ಕನ್ನಡದಲ್ಲಿ ಬರೀಬಹುದು ಅಂತ ಎಷ್ಟು ಮಂದಿಗೆ ಗೊತ್ತುಂಟು? ಎರಡೂ ಭಾಷೆ ಬಲ್ಲ ಕಾನೂನು ವಿದ್ಯಾರ್ಥಿಗಳು ವಾರಕ್ಕೊಮ್ಮೆ ಒಂದೊಂದು ಪಂಚಾಯತು ಆಫೀಸಲ್ಲಿ ಕೂತು, ಟೀಚರುಗಳು ಜೊತೆಗಿದ್ದು, ಫ್ರೀಯಾಗಿ ಕಾಗದ ಓದಿ ಹೇಳಿ ಅರ್ಜಿ ಬರೆದು ಕೊಟ್ರೆ ಮಕ್ಕಳಿಗೂ ಕಲಿತ ಹಾಗಾಯ್ತು, ಜನರಿಗೂ ದೊಡ್ಡ ಸಹಾಯ.

ಮಂಗಳೂರು ಹತ್ರ ಉಂಟಲ್ಲ, ಅಲ್ಲಿಗೇ ಹೋದ್ರಾಯ್ತು ಅಂತ ಹೇಳುವವರಿದ್ದಾರೆ, ಹೋಗ್ಲಿ, ಮಂಜೇಶ್ವರದಿಂದ ಕಣ್ಣೂರಿಗಿಂತ ಮಂಗಳೂರು ಎಷ್ಟೋ ಹತ್ರ. ಆದ್ರೆ ಪ್ರೈವೇಟು ಕಾಲೇಜಿನ ಫೀಸು ಕಟ್ಲಿಕ್ಕೆ ಆಗದ ಮನೆಯ ಹುಡುಗಿಗೆ ಸರ್ಕಾರಿ ಕಾಲೇಜೇ ಗತಿ, ಕಾಸರಗೋಡಿನದ್ದು 1957ರದ್ದು, ಮಂಜೇಶ್ವರದ ಗೋವಿಂದ ಪೈ ಕಾಲೇಜು 1980ರದ್ದು, ಎರಡೂ ಕಣ್ಣೂರು ಯೂನಿವರ್ಸಿಟಿಯ ಕೆಳಗೇ ಇರುವುದು. ಮತ್ತೆ ಪೆರಿಯದಲ್ಲಿ 2009ರ ಸೆಂಟ್ರಲ್ ಯೂನಿವರ್ಸಿಟಿ ಉಂಟಲ್ಲ ಅಂತ ಕೇಳಿದ್ರೆ, ಅದು ಇಡೀ ದೇಶದ ಮಕ್ಕಳಿಗೆ ಇರುವಂಥದ್ದು, ಅದರ ಹತ್ರವೂ ಕೇಳುವ, ಆದ್ರೆ ಮೊದಲ ಜವಾಬ್ದಾರಿ ಕಾನೂನಲ್ಲೇ ನಮ್ಮ ಜಿಲ್ಲೆಯ ಹೆಸರು ಇರುವ ಯೂನಿವರ್ಸಿಟಿಯದ್ದು.

2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ, ಅದರಲ್ಲಿ ಇಂಟರ್ನ್‌ಶಿಪ್ಪೂ ಉಂಟು. ಕಾಸರಗೋಡು, ಮಂಜೇಶ್ವರ ತಾಲೂಕಿನ ಕಾಲೇಜುಗಳ ಮಕ್ಕಳು ಅದನ್ನ ತಮ್ಮದೇ ಪಂಚಾಯತಲ್ಲಿ ಮಾಡುವ ಹಾಗೆ ಯೂನಿವರ್ಸಿಟಿ ಪಂಚಾಯತುಗಳ ಜೊತೆ ಒಪ್ಪಂದ ಮಾಡ್ಲಿ, ಆ ವರದಿಯ ಒಂದು ಕನ್ನಡ ಪ್ರತಿ ಪಂಚಾಯತಿಗೆ ಕೊಡುವುದನ್ನ ಕಡ್ಡಾಯ ಮಾಡ್ಲಿ, ಮುಂದಿನ ಗ್ರಾಮಸಭೆಯಲ್ಲಿ ಆ ಮಕ್ಕಳೇ ಅದನ್ನ ಓದಿ ಹೇಳ್ಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಪೋಸ್ಟೂ ಬೇಡ. ನಮ್ಮ ಶಾಸಕರು, ಪಂಚಾಯತು ಅಧ್ಯಕ್ಷರು, ಸೆನೆಟಿನಲ್ಲಿರುವ ನಮ್ಮ ಕಡೆಯ ಸದಸ್ಯರು ಇದನ್ನ ಮುಂದಿನ ಮೀಟಿಂಗಲ್ಲೇ ಎತ್ತಬೇಕು ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ತೇನೆ.

ಇಂತಿ,
ಒಬ್ಬ ಅಡಿಕೆ ಕೃಷಿಕ,
ಪೆರ್ಲ, ಕಾಸರಗೋಡು ಜಿಲ್ಲೆ