ಗೆಳೆಯನಿಗೊಂದು ಪತ್ರ: ಆಫ್ರಿಕಾದ ಜನಕ್ಕೆ ಸಾಕಾಗಿರುವುದು ಏನು?

ಪ್ರೀತಿಯ ಮಂಜು,

ನೀನು ಕಳಿಸಿದ ಮಾಲಿ ದೇಶದ ವಿಡಿಯೋ ನೋಡಿದೆ. ಅಧಿಕಾರ ಕಿತ್ತುಕೊಂಡ ಸೈನಿಕರಿಗೆ ಜನ ಜೈಕಾರ ಹಾಕುತ್ತಿದ್ದಾರೆ, ನಿಜ. ಆದರೆ 'ಆಫ್ರಿಕಾದವರಿಗೆ ಪ್ರಜಾಪ್ರಭುತ್ವವೇ ಬೇಡವಾಗಿದೆ' ಅಂತ ಕೆಳಗೆ ಬರೆದಿದ್ದೀಯಲ್ಲ, ಅದನ್ನು ಒಪ್ಪಲಾರೆ ಮಾರಾಯ.

ಅಲ್ಲಿನ ಜನರನ್ನೇ ಕೇಳಿ ಬರೆದಿಟ್ಟವರಿದ್ದಾರೆ. ಆಫ್ರೋಬ್ಯಾರೋಮೀಟರ್ ಅಂತ ಹೆಸರು, ಘಾನಾದ ಅಕ್ರಾದಲ್ಲಿ ಮುಖ್ಯ ಕಚೇರಿ. 1999ರಿಂದ ಇದೇ ಕೆಲಸ. ಮನೆ ಬಾಗಿಲಿಗೆ ಹೋಗಿ, ಅವರವರ ಭಾಷೆಯಲ್ಲೇ ಮಾತಾಡಿಸುತ್ತಾರೆ.

ಅವರು ಬಡತನ ಅಳೆಯುವ ರೀತಿ ನನಗೆ ತುಂಬ ಹಿಡಿಸಿತು. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಊಟಕ್ಕೆ ಸಾಲದೆ ಹೋಯಿತೇ? ಕುಡಿಯುವ ನೀರು? ಔಷಧಿ? ಒಲೆಗೆ ಉರುವಲು? ಕೈಗೆ ಕಾಸು? ಹಾಗಾಗಿದ್ದು ಒಂದೆರಡು ಸಲವೋ, ಎಷ್ಟೋ ಸಲವೋ, ಯಾವಾಗಲೂ ಇದೇ ಗೋಳೋ? ಜಿಡಿಪಿ ಏರಿತು ಅಂತ ಮಂತ್ರಿ ಬೀಗಿದ ದಿನವೂ ಈ ಪ್ರಶ್ನೆಗೆ ಉತ್ತರ ಬದಲಾಗಲ್ಲ, ಅಲ್ವಾ?

ಇನ್ನು ಪ್ರಜಾಪ್ರಭುತ್ವದ ಬಗ್ಗೆ ಅವರ 2024ರ ವರದಿ 39 ದೇಶಗಳದ್ದು. ಬೇರೆಲ್ಲ ಆಡಳಿತಕ್ಕಿಂತ ಪ್ರಜಾಪ್ರಭುತ್ವವೇ ವಾಸಿ ಅಂದವರು ನೂರಕ್ಕೆ 66. ತಮ್ಮ ದೇಶದಲ್ಲಿ ಅದು ನಡೆಯುತ್ತಿರುವ ರೀತಿ ಸಮಾಧಾನ ತಂದಿದೆ ಅಂದವರು ಬರೀ 37.

ಸೈನ್ಯದ ವಿಷಯ ಇನ್ನೂ ಸ್ವಾರಸ್ಯ. ಸೈನ್ಯದ ಆಡಳಿತ ಬೇಡ ಅಂದವರೂ 66. ಆದರೆ ಗೆದ್ದು ಬಂದವರೇ ಅಧಿಕಾರ ದುರುಪಯೋಗ ಮಾಡಿದರೆ ಸೈನ್ಯ ಕೈ ಹಾಕಬಹುದು ಅಂದವರು 53. ನೀನು ಇದನ್ನು ಎಡಬಿಡಂಗಿ ಉತ್ತರ ಅನ್ನುತ್ತೀಯ. ನನಗೆ ಹಾಗನ್ನಿಸಲ್ಲ. ಸೈನ್ಯ ಬೇಕು ಅನ್ನುವುದು ಬೇರೆ, ಇವರನ್ನು ಇಳಿಸೋಕೆ ಇನ್ನೇನೂ ದಾರಿ ಕಾಣುತ್ತಿಲ್ಲ ಅನ್ನುವುದು ಬೇರೆ. ಮಾಲಿಯ ಮಟ್ಟಿಗೆ ನಿನ್ನ ಮಾತಿನಲ್ಲೂ ಹುರುಳಿದೆ: ಸುಮಾರು ಹತ್ತು ವರ್ಷದಲ್ಲಿ ಅಲ್ಲಿ ಪ್ರಜಾಪ್ರಭುತ್ವದ ಬೆಂಬಲ ಶೇಕಡಾ 23 ಅಂಶ ಕುಸಿದಿದೆ. ಆದರೆ ದಕ್ಷಿಣ ಆಫ್ರಿಕಾದಲ್ಲಿ 29! ಮಂಡೇಲಾ ನಾಡಿನಲ್ಲಿ! ಅಲ್ಲೇನು ಸೈನ್ಯ ಬಂದಿಲ್ಲ. ಹುಡುಗರಿಗೆ ಕೆಲಸವಿಲ್ಲ, ದಿನಕ್ಕೆ ಗಂಟೆಗಟ್ಟಲೆ ಕರೆಂಟ್ ತೆಗೆಯುತ್ತಿದ್ದರು.

ಇಳಿಸುವ ದಾರಿ ಇದ್ದ ಕಡೆ ಜನ ಏನು ಮಾಡಿದರು ನೋಡು. ಘಾನಾದಲ್ಲಿ 2022ರ ಕೊನೆಗೆ ಹಣದುಬ್ಬರ ಶೇ 54. ವಿದೇಶಿ ಸಾಲದ ಬಹುಪಾಲು ಕಂತು ಕಟ್ಟುವುದನ್ನೇ ಸರ್ಕಾರ ನಿಲ್ಲಿಸಿತು. 2024ರ ಡಿಸೆಂಬರ್ 7ರಂದು ಜನ ಸುಮ್ನೆ ಹೋಗಿ ವೋಟು ಹಾಕಿದರು. ಅಧಿಕೃತ ಫಲಿತಾಂಶ ಬರುವ ಮೊದಲೇ, ಮಾರನೇ ದಿನ, ಆಡಳಿತ ಪಕ್ಷದ ಅಭ್ಯರ್ಥಿ ಬಾವುಮಿಯಾ ಸೋಲೊಪ್ಪಿಕೊಂಡರು. ಬೋಟ್ಸ್ವಾನಾದಲ್ಲಿ 1966ರಿಂದ ಒಂದೇ ಪಕ್ಷ ಆಳುತ್ತಿತ್ತು. ವಜ್ರದ ವ್ಯಾಪಾರ ಬಿದ್ದಿತು, ಚುನಾವಣೆಯಲ್ಲಿ ಪಕ್ಷವೂ ಬಿದ್ದಿತು.

ಕೀನ್ಯಾದ ಹುಡುಗರು ಮಾತ್ರ ಚುನಾವಣೆ ತನಕ ಕಾಯಲಿಲ್ಲ. 2024ರ ಹಣಕಾಸು ಮಸೂದೆಯಲ್ಲಿ ಬ್ರೆಡ್ಡಿಗೆ ಶೇ 16 ವ್ಯಾಟ್ ಹಾಕಲು ಹೊರಟಿದ್ದರು, ಅಡುಗೆ ಎಣ್ಣೆಗೂ ತೆರಿಗೆ. ಗಲಾಟೆ ಎದ್ದಾಗ ಬ್ರೆಡ್ಡನ್ನು ಬಿಟ್ಟರು. ಹುಡುಗರು ಜಗ್ಗಲಿಲ್ಲ, ಇಡೀ ಮಸೂದೆಯೇ ಹೋಗಲಿ ಅಂತ ಕೂತರು. ಜೂನ್ 25ಕ್ಕೆ ಸಂಸತ್ತಿಗೇ ನುಗ್ಗಿದರು. ಪೊಲೀಸರ ಗುಂಡಿಗೆ ಜನ ಸತ್ತರು. ಮಾರನೇ ದಿನ ಅಧ್ಯಕ್ಷ ರೂಟೊ ಸಹಿ ಹಾಕಲ್ಲ ಅಂದರು. ಬ್ರೆಡ್ಡಿನ ರೇಟಿಗೂ ಸಂವಿಧಾನಕ್ಕೂ ಇರುವ ನಂಟು ಆ ಹುಡುಗರಿಗೆ ಯಾರೂ ಪಾಠ ಮಾಡಬೇಕಿಲ್ಲ ಅನ್ನಿಸಿತು.

ಅಲ್ಲಿ ಮುಂದಿನ ಚುನಾವಣೆ 2027ರಲ್ಲಿ. ಅವರಲ್ಲಿ ಎಷ್ಟು ಜನ ವೋಟರ್ ಲಿಸ್ಟಿಗೆ ಹೆಸರು ಸೇರಿಸುತ್ತಾರೆ ಅನ್ನುವುದೇ ನನ್ನ ಕುತೂಹಲ. ಜಾಸ್ತಿ ಜನ ಸೇರುತ್ತಾರೆ ಅಂತ ನಾನು. ನೀನೇನಂತೀಯ, ಬರಿ.

ನಿನ್ನ,
ಸುರೇಶ