ಅಪ್ಪನ ಹೆಬ್ಬೆರಳು

ಬರ್ಮಿಂಗ್‌ಹ್ಯಾಮ್
ಭಾನುವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾವೆಲ್ಲ ಕ್ಷೇಮ. ನಿನ್ನ ಪತ್ರ, ಶಶಿ ಕಳಿಸಿದ ಫೋಟೋ ಎರಡೂ ತಲುಪಿದವು. ಪತ್ರ ಓದಿ ಸಮಾಧಾನವಾಗಿತ್ತು, ಫೋಟೋ ನೋಡಿ ಅದು ಹೋಯಿತು. ಅಪ್ಪನ ಕಾಲಿನ ಹೆಬ್ಬೆರಳಿನ ಒಂದು ಪಕ್ಕ ಕೆಂಪಗೆ ಊದಿ ಉಗುರಿನ ಮೇಲೇರಿದೆ, ಉಗುರಿನ ಅಂಚೇ ಕಾಣುತ್ತಿಲ್ಲ, ಮೂಲೆಯಲ್ಲಿ ಕೀವು. ನೀನು ಇದನ್ನು ಉಗುರುಸುತ್ತು ಎಂದುಕೊಂಡು ಗಿರಿಜತ್ತೆಯ ಮಾತಿನಂತೆ ನಿಂಬೆಹಣ್ಣು ಸಿಕ್ಕಿಸಿದ್ದೀಯ. ದಯವಿಟ್ಟು ತೆಗೆದು ಎಸೆ. ಉಗುರಿನ ಅಂಚು ಮಾಂಸದೊಳಗೆ ಇಳಿದಿದೆ. ಚುಚ್ಚುವುದು ಒಳಗೇ ಇರುವಾಗ ಮೇಲೆ ನಿಂಬೆ ಕಟ್ಟಿದರೇನು, ಅರಿಶಿನ ಹಚ್ಚಿದರೇನು? ಅಂಗಡಿಯಿಂದ ತಂದ ಮಾತ್ರೆ ನುಂಗಿದರೂ ಅಷ್ಟೇ.

ಚಿಕ್ಕಪ್ಪ ಹೇಳಿದಂತೆ ಉಗುರಿನ ನಡುವೆ ಕಚ್ಚು ಹಾಕುವುದೂ ಬೇಡ. ಉಗುರು ಬೆಳೆಯುವುದು ಬುಡದಿಂದ, ತುದಿಯಲ್ಲಿ ಕತ್ತರಿಸಿದ್ದು ಬುಡಕ್ಕೆ ಗೊತ್ತಾಗುವುದಿಲ್ಲ.

ಕಾರಣ ನನಗೆ ಇಲ್ಲಿಂದಲೇ ಕಾಣುತ್ತದೆ. ಅಪ್ಪ ಬ್ಲೇಡಿನಲ್ಲಿ ಮೂಲೆಗಳನ್ನು ಗುಂಡಗೆ, ಆಳಕ್ಕೆ ಕೆತ್ತುತ್ತಾರೆ. ಅದರ ಮೇಲೆ ಸುಮಾಳ ಮದುವೆಗೆಂದು ಹಂಪನಕಟ್ಟೆಯಲ್ಲಿ ಕೊಂಡ ಆ ಚೂಪು ಮೂತಿಯ ಶೂ. ಜೀವಮಾನವಿಡೀ ಚಪ್ಪಲಿ ಹಾಕಿದವರಿಗೆ ಅದನ್ನು ಆರಿಸಿಕೊಟ್ಟ ಪುಣ್ಯಾತ್ಮ ಯಾರು?

ಈಗ ಮುಖ್ಯ ಮಾತು. "ಅವರಿಗೆ ನೋವೇ ಇಲ್ಲ, ನಡೆದಾಡುತ್ತಾರೆ" ಎಂದು ಧೈರ್ಯಕ್ಕೆ ಬರೆದಿದ್ದೀಯಲ್ಲ, ನನ್ನ ನಿದ್ದೆ ಕೆಡಿಸಿದ್ದು ಅದೇ ಸಾಲು. ಅಷ್ಟು ಕೀವಾದ ಬೆರಳು ಮುಟ್ಟಿದರೆ ಹೌಹಾರಬೇಕು. ಅಪ್ಪನಿಗಿರುವ ಸಕ್ಕರೆ ಕಾಯಿಲೆ ಹಳತಾದಂತೆ ಪಾದದ ನರಗಳು ಮಂದವಾಗುತ್ತವೆ, ರಕ್ತ ಓಡುವುದೂ ಕಡಿಮೆಯಾಗುತ್ತದೆ. ಗಾಯ ಆಗಿದ್ದು ತಿಳಿಯುವುದಿಲ್ಲ, ಆದದ್ದು ಬೇಗ ಮಾಯುವುದಿಲ್ಲ.

ಇಲ್ಲಿ ಪಾದಕ್ಕೆಂದೇ ಬೇರೆ ತಜ್ಞರಿದ್ದಾರೆ, ಪೊಡಿಯಾಟ್ರಿಸ್ಟ್ ಎನ್ನುತ್ತಾರೆ. ನಗಬೇಡ. ಸಕ್ಕರೆ ಕಾಯಿಲೆಯವರನ್ನು ವರ್ಷಕ್ಕೊಮ್ಮೆ ಕರೆದು ಕಾಲ್ಚೀಲ ಬಿಚ್ಚಿಸಿ ಪಾದ ನೋಡುತ್ತಾರೆ. ಪಕ್ಕದ ಮನೆಯ ಅಜ್ಜಿಯ ಜೊತೆಗೆ ನಾನೂ ಹೋಗಿದ್ದೆ. ಕಣ್ಣು ಮುಚ್ಚಿಸಿ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಅದು ಬಾಗುವವರೆಗೆ ಒತ್ತುತ್ತಾರೆ, ಆ ಒತ್ತಡ 10 ಗ್ರಾಂ ಅಷ್ಟೇ. ತಾಗಿದ್ದು ತಿಳಿಯಿತೇ ಎಂದು ಕೇಳುತ್ತಾರೆ. ಅಜ್ಜಿ ಎಲ್ಲದಕ್ಕೂ "ತಿಳಿಯಿತು" ಎಂದರು, ಒತ್ತದೆ ಇದ್ದಾಗಲೂ! ಅಪ್ಪನೂ ಹಾಗೆಯೇ ಹೇಳುವವರು, ಹುಷಾರು.

ಸಕ್ಕರೆ ಇಲ್ಲದವರಾದರೆ, ಕೀವಾಗುವ ಮೊದಲು, ಉಗುರು ಬೆಚ್ಚಗಿನ ನೀರಿನಲ್ಲಿ ಪಾದ ಇಟ್ಟು, ಚೆನ್ನಾಗಿ ಒರೆಸಿ, ಉಗುರಿನ ಅಂಚಿನ ಕೆಳಗೆ ಹತ್ತಿಯ ಎಳೆ ಇಡಬಹುದು. ಅಪ್ಪನಿಗೆ ಇದೊಂದೂ ಬೇಡ. ನೀರು ಸುಡುವುದೂ ಅವರಿಗೆ ತಿಳಿಯದೆ ಇರಬಹುದು. ನಾಳೆಯೇ ಶಶಿ ಮಣಿಪಾಲಕ್ಕೆ ಕರೆದುಕೊಂಡು ಹೋಗಲಿ, ಸಕ್ಕರೆಯ ರಿಪೋರ್ಟು, ಮಾತ್ರೆಗಳ ಚೀಟಿ ಜೊತೆಗಿರಲಿ. ಕೆಂಪು ಪಾದದ ಮೇಲಕ್ಕೆ ಹಬ್ಬಿದರೆ, ಜ್ವರ ಬಂದರೆ, ಬೆರಳು ಕಪ್ಪಾದರೆ ನಾಳೆಯವರೆಗೂ ಕಾಯಬಾರದು.

ಬೆರಳು ಕತ್ತರಿಸುತ್ತಾರೆ ಎಂದು ಅಪ್ಪ ರಗಳೆ ಮಾಡಿದರೆ ಇದನ್ನು ಓದಿ ಹೇಳು. ಪಾದದ ರಕ್ತದ ಓಟ ನೋಡಿಕೊಂಡು ವೈದ್ಯರು ತೀರ್ಮಾನಿಸುತ್ತಾರೆ. ಬೇಕಾದರೆ ಬೆರಳಿನ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಳಹೊಕ್ಕ ಪಕ್ಕದ ಒಂದು ಸಣ್ಣ ಪಟ್ಟಿ ಉಗುರನ್ನು ಮಾತ್ರ ತೆಗೆಯುತ್ತಾರೆ. ಆ ಪಟ್ಟಿ ಮತ್ತೆ ಬೆಳೆಯದಂತೆ ಬುಡಕ್ಕೆ ಫೀನಾಲ್ ಎಂಬ ರಾಸಾಯನಿಕ ಹಚ್ಚುವುದುಂಟು. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಕೆಲವು ವಾರ ಡ್ರೆಸ್ಸಿಂಗ್, ಅಷ್ಟೇ. ಹೆದರುವಂಥದ್ದು ಏನೂ ಇಲ್ಲ. ನಾನು ಒಂದಿಷ್ಟೂ ಹೆದರಿಲ್ಲ. ನೀನೂ ಹೆದರಬೇಡ. ನಿಜವಾಗಿಯೂ ಏನೂ ಇಲ್ಲ.

ಗಾಯ ಮಾಯುವವರೆಗೆ ಮಠಕ್ಕೆ ಬರಿಗಾಲಿನಲ್ಲಿ ಹೋಗುವುದು ಬೇಡ. ಅಷ್ಟು ಸಣ್ಣ ಕಿಂಡಿಯಿಂದ ಊರನ್ನೆಲ್ಲ ನೋಡುವ ಕೃಷ್ಣನಿಗೆ ಅಂಬಲಪಾಡಿಯಲ್ಲಿ ಕುಳಿತ ಅಪ್ಪ ಕಾಣದೆ ಇರುತ್ತಾರೆಯೇ?

ಹಣ ಶಶಿಯ ಖಾತೆಗೆ ಹಾಕಿದ್ದೇನೆ, ಬೇಡ ಎನ್ನಬೇಡ. ಪುಟ್ಟನನ್ನು ಈಜಿಗೆ ಕರೆದೊಯ್ಯುವ ಹೊತ್ತಾಯಿತು, ಉಳಿದದ್ದು ಫೋನಿನಲ್ಲಿ.

ಇತಿ,
ವೀಣಾ

ಆ ಬ್ಲೇಡನ್ನು ಇವತ್ತೇ ಎತ್ತಿಡು. ಗುಣವಾದ ಮೇಲೆ ಉಗುರನ್ನು ಶಶಿ ಕಟರ್‌ನಿಂದ ನೇರವಾಗಿ ಕತ್ತರಿಸಲಿ, ಮೂಲೆಗೆ ಕೈ ಹಾಕದೆ.